ಮೇಲಿನ ಸಾಲಿನಲ್ಲಿ ಎತ್ತಿದ ಕೈ

ನಿನ್ನೆ ಸಂಜೆ ಪಕ್ಕದ ಮನೆಯವರು ಹಿತ್ತಿಲಿನಲ್ಲಿ ಇದ್ದಿಲು ಹೊತ್ತಿಸಿದರು. ಡಾಲಸ್ ಹತ್ತಿರದ ಈ ಲಿಟಲ್ ಎಲ್ಮ್‌ನಲ್ಲಿ ಇದು ವಿಶೇಷವೇನಲ್ಲ. ಶನಿವಾರ ಬಂತೆಂದರೆ ಕೆರೆಯ ಕಡೆಯ ಗಾಳಿಯಲ್ಲಿ ಯಾರಾದರೊಬ್ಬರ ಗ್ರಿಲ್ಲಿನ ವಾಸನೆ ಇದ್ದೇ ಇರುತ್ತದೆ. ಮೊದಲು ಹೊಗೆಯ ವಾಸನೆ ಬರುತ್ತದೆ. ಅದು ನನಗೆ ಏನೂ ಮಾಡುವುದಿಲ್ಲ. ಆಮೇಲೆ ಹೊಗೆ ತೀರಿ ಕೆಂಡ ಮಾತ್ರ ಉಳಿದಾಗ ಬರುವುದು ವಾಸನೆ ಎನ್ನುವಷ್ಟೂ ಇರುವುದಿಲ್ಲ. ಕಾದ ಕಬ್ಬಿಣದಂತೆ ಮೂಗಿಗೆ ತಾಗಿ ಹೋಗುತ್ತದೆ, ಅಷ್ಟೆ. ಅದು ಬಂದಾಗ ನಾನು ಎದ್ದು ಮನೆಯ ಕಿಟಕಿಗಳನ್ನೆಲ್ಲ ತೆರೆಯುತ್ತೇನೆ.

"ಹೊಗೆ ಒಳಗೆ ಬರತ್ತೆ ಕಣೇ, ಮುಚ್ಚು" ಎನ್ನುತ್ತಾರೆ ನನ್ನ ಗಂಡ. ನಾನು ಮುಚ್ಚುವುದಿಲ್ಲ. ಯಾಕೆಂದು ಅವರು ಕೇಳುವುದನ್ನು ಬಿಟ್ಟಿದ್ದಾರೆ.

ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡ್‌ನಲ್ಲಿದ್ದಾಗ ನಮ್ಮ ಪಕ್ಕದ ಮನೆಯಲ್ಲಿದ್ದ ಅಂಕಲ್ ಬಗ್ಗೆ, ಅವರ ರೋಮನ್ ರಂಗಮಂದಿರದ ಬಗ್ಗೆ ನಾನು ಹಲವರ ಮುಂದೆ ಹೇಳಿದ್ದೇನೆ. ಎಲ್ಲರೂ ನಕ್ಕಿದ್ದಾರೆ, ಕೊನೆಗೆ ಅಯ್ಯೋ ಪಾಪ ಎಂದಿದ್ದಾರೆ. ಪ್ರತಿ ಸಲವೂ ಒಂದು ಸಂಗತಿಯನ್ನು ಬಿಟ್ಟೇ ಹೇಳಿದ್ದೇನೆ. ಅವರ ಹೆಂಡತಿಯ, ನಮ್ಮ ಆಂಟಿಯ, ಪ್ರಾಣ ತೆಗೆದ ಇದ್ದಿಲು ನಾನು ಕೊಟ್ಟದ್ದು. ಇಷ್ಟನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಈ ಸಲವೂ ಬಿಟ್ಟುಹೋದೀತು.

ಅಂಕಲ್ ಧಾರವಾಡದವರು. ಹ್ಯೂಸ್ಟನ್ನಿಗೆ ಬರುವ ಮೊದಲು ಲಿಬಿಯಾದಲ್ಲಿ ಕೆಲವು ವರ್ಷ ಇದ್ದರು. ತೈಲದ ಪೈಪು ಹಾಕುವ ಜಾಗವನ್ನು ಅಳೆಯುವ ಸರ್ವೇಯರ್ ಕೆಲಸ. ಅವರ ಮನೆಯ ಮುಂದಿನ ಕೋಣೆಯಲ್ಲಿ ಎರಡು ಫೋಟೊಗಳಿದ್ದವು, ಅಕ್ಕಪಕ್ಕದಲ್ಲಿ. ಸಬ್ರಾತಾ ಎಂಬ ಊರಿನ ಹೊರಗೆ, ಸಮುದ್ರದ ದಂಡೆಯ ಮೇಲೆ, ರೋಮನ್ನರು ಕಟ್ಟಿದ ರಂಗಮಂದಿರದ ಫೋಟೊಗಳು. ಒಂದರಲ್ಲಿ ವೇದಿಕೆ, ಅದರ ಹಿಂದೆ ಒಂದರ ಮೇಲೊಂದರಂತೆ ಮೂರು ಅಂತಸ್ತಿನ ಕಂಬಗಳು, ಕಂಬಗಳ ಸಂದಿಯಲ್ಲಿ ಸಮುದ್ರ, ಕಂಬದ ಬುಡದಲ್ಲಿ ಬೆರಳಿನಷ್ಟು ಎತ್ತರದ ಒಬ್ಬ ಮನುಷ್ಯ. ಇನ್ನೊಂದರಲ್ಲಿ ಬಟ್ಟಲಿನ ಒಳಮೈಯಂತೆ ಸುತ್ತಿಕೊಂಡು ಏರುವ ಕಲ್ಲಿನ ಸಾಲುಗಳು, ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಒಂದು ಕೆಂಪು ಚುಕ್ಕೆ. ಚುಕ್ಕೆ ಎಂದರೆ ಆಂಟಿಯ ಸೀರೆ. ಇವರನ್ನು ಅವರು ತೆಗೆದದ್ದು, ಅವರನ್ನು ಇವರು ತೆಗೆದದ್ದು. ಇಬ್ಬರೂ ಒಟ್ಟಿಗಿರುವ ಫೋಟೊ ಅಲ್ಲಿ ಒಂದೂ ಇರಲಿಲ್ಲ.

ಅಲ್ಲಿ ಶುಕ್ರವಾರ ರಜೆಯಂತೆ. ಚಪಾತಿ ಬುತ್ತಿ ಕಟ್ಟಿಕೊಂಡು ಇಬ್ಬರೂ ಹೋಗುತ್ತಿದ್ದರು. ಅಂಕಲ್ ವೇದಿಕೆಯ ನಡುವೆ ನಿಂತು ಮೆಲ್ಲಗೆ, ಪಕ್ಕದಲ್ಲಿರುವವರಿಗೆ ಹೇಳುವಂತೆ, ಏನಾದರೂ ಹೇಳುವುದು. ಮೇಲಿನ ಸಾಲಿನಲ್ಲಿ ಆಂಟಿಗೆ ಅದು ಕೇಳಿಸಿದರೆ ಕೈ ಎತ್ತುವುದು. ಇದೇ ಆಟ. ಆ ಕಲ್ಲುಗಳು ದನಿಯನ್ನು ಹಾಗೇ ಎತ್ತಿ ಮೇಲಕ್ಕೆ ಕೊಡುತ್ತಿದ್ದವು ಎನ್ನುತ್ತಿದ್ದರು ಅಂಕಲ್.

"ಮೊದಲನೇ ದಿನ ಏನು ಹೇಳಿದ್ರಿ ಅಂಕಲ್, ಅಲ್ಲಿ ನಿಂತು?" ಎಂದು ನಾನೊಮ್ಮೆ ಕೇಳಿದ್ದೆ.

ಉತ್ತರ ಕೊಟ್ಟವರು ಆಂಟಿ. "ಏನ್ ಹೇಳ್ತಾರ? 'ಚಹಾ ಕುಡಿಯೂಣೇನ' ಅಂದ್ರು. ಅಷ್ಟೆತ್ತರದ ಕಂಬದ ಮುಂದ ನಿಂತು!"

"ಥರ್ಮಾಸ್ ನಿನ್ನ ಕಡೆ ಇತ್ತಲ್ಲ" ಎಂದರು ಅಂಕಲ್, ಬಹಳ ಗಂಭೀರವಾಗಿ.

ನಮ್ಮ ಬಡಾವಣೆಯ ಹಿಂದೆ, ಮಳೆ ಜೋರಾದಾಗ ನೀರು ನಿಲ್ಲಲೆಂದು ತೋಡಿಟ್ಟ ಹುಲ್ಲಿನ ದೊಡ್ಡ ತಗ್ಗು ಇತ್ತು. ಹ್ಯೂಸ್ಟನ್ ಕಡೆಯ ಹೊಸ ಬಡಾವಣೆಗಳಲ್ಲೆಲ್ಲ ಇರುತ್ತದೆ. ವರ್ಷದ ಬಹುಪಾಲು ಒಣಗಿಯೇ ಇರುತ್ತದೆ, ಯಾರೂ ಅದರ ಕಡೆ ನೋಡುವುದಿಲ್ಲ. ಅಂಕಲ್ ಅದನ್ನು ಹೆಜ್ಜೆ ಹಾಕಿ ಅಳೆದಿದ್ದರು. ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಮಕ್ಕಳ ನಾಟಕ ಕಲಿಸುವ ಕೆಲಸ ಅವರ ಪಾಲಿಗೆ ಬಂದ ವರ್ಷ ಐದಾರು ಮಕ್ಕಳನ್ನು ಕರೆದುಕೊಂಡು ಆ ತಗ್ಗಿಗೆ ಇಳಿದರು. ನನ್ನ ಮಗಳೂ ಇದ್ದಳು. ಆಗ ಅವಳಿಗೆ ಒಂಬತ್ತು. ಆಂಟಿ ಮೇಲಿನ ಅಂಚಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು, ಶಾಲು ಹೊದ್ದು, ಹೆಸರುಕಾಳು ಆರಿಸುತ್ತಾ ಕೂರುವರು. ಮಗು ಹೇಳಿದ ಮಾತು ಅವರಿಗೆ ಮುಟ್ಟಿದರೆ ಕೈ ಎತ್ತುವರು. ಎತ್ತದಿದ್ದರೆ ಮತ್ತೆ ಹೇಳಬೇಕು.

ನನ್ನ ಮಗಳಿಗೆ ಇದ್ದದ್ದು ಒಂದೇ ಮಾತು. "ಬಾಗಿಲು ತೆಗೀರಿ, ನಾವು ಬಂದಿದ್ದೀವಿ." ಅದನ್ನು ಹೇಳಲು ಅವಳಿಗೆ ಮೈಕ್ ಬೇಕಿತ್ತು.

"ಮೈಕ್ ಯಾಕ ಬೇಕು ನಿನಗ? ಗಂಟಲಾ ಇಲ್ಲೇನು? ಅಲ್ಲೆ ಐದು ಸಾವಿರ ಮಂದಿ ಕೂತು ಕೇಳ್ತಿದ್ರು, ಕರೆಂಟ್ ಇತ್ತೇನು ಆವಾಗ?" ಎಂದರು ಅಂಕಲ್.

"ಅಲ್ಲೆ ಕೂತು ಕೇಳಿದಾಕಿ ನಾ ಒಬ್ಬಾಕೀನ" ಎಂದು ಮೇಲಿನಿಂದ ಆಂಟಿಯ ದನಿ ಬಂತು. "ಐದು ಸಾವಿರ ಮಂದಿನ್ನ ನಾ ಅಂತೂ ನೋಡ್ಲಿಲ್ಲ."

ಮಕ್ಕಳು ಬಿದ್ದು ಬಿದ್ದು ನಕ್ಕವು. ಮೂರನೆಯ ವಾರ ನನ್ನ ಮಗಳ ಮಾತಿಗೆ ಆಂಟಿ ಕೈ ಎತ್ತಿದರು. ಅವತ್ತು ಅವಳು ಮನೆಗೆ ಓಡಿಬಂದು, "ಅಮ್ಮಾ, ಶಿ ಹರ್ಡ್ ಮೀ!" ಎಂದು ಕೂಗಿದ್ದು ನನಗೆ ಇನ್ನೂ ಕಿವಿಯಲ್ಲಿದೆ...

ಮುಂದೆ ಲಿಬಿಯಾದಲ್ಲಿ ಜಗಳ ಶುರುವಾಗಿ ಆ ರಂಗಮಂದಿರಕ್ಕೂ ಗುಂಡು ತಗಲಿತಂತೆ. ಯಾರೋ ವಾಟ್ಸಾಪಿನಲ್ಲಿ ಕಳಿಸಿದ ವಿಡಿಯೊ ಹಿಡಿದುಕೊಂಡು ಅಂಕಲ್ ನಮ್ಮ ಮನೆಗೆ ಬಂದರು. "ತಂಗಿ, ಇದನ್ನ ಸ್ವಲ್ಪ ದೊಡ್ಡದು ಮಾಡಿ ತೋರಸು" ಎಂದರು. ನಾನು ಲ್ಯಾಪ್‌ಟಾಪಿನಲ್ಲಿ ಹಾಕಿ ತೋರಿಸಿದೆ. ಅವರು ಕಂಬಗಳನ್ನು ನೋಡಲಿಲ್ಲ. ಮೇಲಿನ ಸಾಲನ್ನು ಹುಡುಕುತ್ತಿದ್ದರು. ಚಿತ್ರ ಅಲ್ಲಾಡುತ್ತಿತ್ತು, ಮೇಲಿನ ಸಾಲು ಕಾಣಿಸಲೇ ಇಲ್ಲ. ನಾಲ್ಕು ಸಲ ಹಾಕಿಸಿ ನೋಡಿ ಎದ್ದು ಹೋದರು.

ಇನ್ನೊಂದು ಸಣ್ಣ ವಿಷಯವನ್ನು ಇಲ್ಲೇ ಹೇಳಬೇಕು. ಆಂಟಿ ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದರೆ ಸಾಕು, ಮಲಗುವ ಕೋಣೆಯ ಬಾಗಿಲ ಮೇಲಿದ್ದ, ಹೊಗೆಗೂ ವಿಷಗಾಳಿಗೂ ಕೂಗುವ ಅಲಾರಂ ಕಿರುಚಿಕೊಳ್ಳುತ್ತಿತ್ತು. ಅಂಕಲ್ ಮೊದಲು ಅದಕ್ಕೆ ಸ್ನಾನಕ್ಕೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಟೊಪ್ಪಿಗೆ ತೊಡಿಸಿದರು. ಆದರೂ ಕಿರುಚಿತು. ಆಮೇಲೆ ಸೆಲ್ ಕಿತ್ತು ಡ್ರಾಯರಿನಲ್ಲಿ ಇಟ್ಟರು. ನಾವೆಲ್ಲ ಮಾಡುವುದೇ ಅದು. ನನ್ನ ಮನೆಯಲ್ಲೂ ಒಂದಕ್ಕೆ ಟೊಪ್ಪಿಗೆ ಇತ್ತು. ಆ ಟೊಪ್ಪಿಗೆ ನೋಡಿ ನಾನು ಎಷ್ಟು ಸಲ ನಕ್ಕಿದ್ದೆ.

ಟೆಕ್ಸಾಸಿಗೆ ಟೆಕ್ಸಾಸೇ ಹೆಪ್ಪುಗಟ್ಟಿದ ಆ ಚಳಿಗಾಲ ಇಲ್ಲಿದ್ದವರಿಗೆಲ್ಲ ನೆನಪಿರುತ್ತದೆ. ನಡೆದದ್ದನ್ನು ನಾನು ಕ್ರಮವಾಗಿ ಬರೆಯುತ್ತೇನೆ.

ಸೋಮವಾರ ಬೆಳಗ್ಗೆ ಏಳುವಷ್ಟರಲ್ಲಿ ಕರೆಂಟು ಹೋಗಿತ್ತು. ನನ್ನ ಗಂಡ ಕೆಲಸದ ಮೇಲೆ ಡಾಲಸ್‌ಗೆ ಹೋಗಿ ಅಲ್ಲೇ ಸಿಕ್ಕಿಕೊಂಡಿದ್ದರು. ಮನೆಯಲ್ಲಿ ನಾನು, ಮಗಳು. ಆಂಟಿಗೆ ಮೊಣಕಾಲಿನ ಆಪರೇಷನ್ ಆಗಿ ಮೂರು ವಾರವಾಗಿತ್ತಷ್ಟೆ. ಹತ್ತು ಗಂಟೆಗೆ ನಾನು ಅವರ ಮನೆಗೆ ಹೋದೆ. ಅವರದು ಕರೆಂಟಿನ ಒಲೆ, ನಮ್ಮದು ಗ್ಯಾಸು. "ನಮ್ಮನೆಗೆ ಬಂದುಬಿಡಿ ಅಂಕಲ್, ಒಲೆಯಾದರೂ ಉರಿಯುತ್ತೆ" ಎಂದೆ.

"ಈ ಬರ್ಫದ ಮ್ಯಾಲ ಹೊಸಾ ಮೊಣಕಾಲು ಜಾರಿದ್ರ ಏನ್ ಮಾಡೋದು? ಬ್ಯಾಡ ತಂಗಿ" ಎಂದರು.

ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಬರಬಹುದಿತ್ತು. ಎದುರು ಮನೆಯವರನ್ನು ಕರೆದಿದ್ದರೆ ಬರುತ್ತಿದ್ದರು. ಅವತ್ತು ನನಗೆ ಅದು ಹೊಳೆಯಲಿಲ್ಲ. ಹೊಳೆದದ್ದು ಕಿಟಕಿ. ಅವರ ಮಲಗುವ ಕೋಣೆಯ ಕಿಟಕಿಯ ಸಂದಿಯಿಂದ ಗಾಳಿ ಬರುತ್ತಿತ್ತು. ಅಂಕಲ್ ಮತ್ತು ನಾನು ಸೇರಿ ಅದಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಿಡಿದು, ನಾಲ್ಕೂ ಕಡೆ ಟೇಪು ಅಂಟಿಸಿದೆವು. ಟೇಪು ಹರಿದುಕೊಟ್ಟವರು ಅವರು, ಬೆರಳಿನಿಂದ ಒತ್ತಿ ಒತ್ತಿ ಅಂಟಿಸಿದವಳು ನಾನು. ಎಲ್ಲೂ ಬಿಡದ ಹಾಗೆ ಅಂಟಿಸಿದೆ. ಆಂಟಿ ಹಾಸಿಗೆಯಿಂದಲೇ, "ಸರ್ವೇಯರ್ ಸಾಹೇಬ್ರು ಒಂದು ಕಿಟಕಿ ಮುಚ್ಚಲಿಕ್ಕೆ ಹೆಣ್ಣುಮಕ್ಕಳನ್ನ ಕರಸಬೇಕಾತು ನೋಡು" ಎಂದು ನಗೆಯಾಡಿದರು. ಅವರ ತುಟಿ ನೀಲಿಗಟ್ಟಿತ್ತು.

ನಾಲ್ಕು ಗಂಟೆಗೆ ಅಂಕಲ್ ನಮ್ಮ ಗ್ಯಾರೇಜಿನ ಬಾಗಿಲಿಗೆ ಬಂದರು. ತಲೆಗೆ ಮಫ್ಲರು, ಕೈಗೆ ಸಾಕ್ಸು. "ಇದ್ಲಿ ಅದ ಏನು ತಂಗಿ ನಿನ್ನ ಕಡೆ? ಆಕಿ ಬಾಳ ನಡಗ್ಲಿಕತ್ತಾಳ."

ಇತ್ತು. ಕೂಟದ ಪಿಕ್ನಿಕ್ಕಿನಲ್ಲಿ ಮೆಕ್ಕೆಜೋಳ ಸುಟ್ಟು ಉಳಿದ ಅರ್ಧ ಚೀಲ. ಅದನ್ನು ಕೊಟ್ಟೆ. ಕೆಂಡ ಹಾಕಿಕೊಳ್ಳಲು ನನ್ನ ಕಬ್ಬಿಣದ ಬಾಣಲೆಯನ್ನೂ ಕೊಟ್ಟೆ. ಕೊಟ್ಟು ಈ ಮಾತು ಹೇಳಿದೆ: "ಹೊರಗೇ ಹೊತ್ತಿಸಿ ಅಂಕಲ್. ಹೊಗೆ ಪೂರ್ತಿ ಹೋಗಿ ಕೆಂಡ ಆದಮೇಲೆ ಒಳಗೆ ತೊಗೊಂಡು ಹೋಗಿ."

"ಗೊತ್ತದವಾ. ನಮ್ಮವ್ವನ ಶೇಗಡಿ ಮುಂದನ ಬೆಳದಾಂವ ನಾ" ಎಂದು ಅವರು ಬಾಣಲೆ ಎತ್ತಿಕೊಂಡು ಹೋದರು.

ಅವರಿಗೆ ಶೇಗಡಿ, ನಮಗೆ ಅಗ್ಗಿಷ್ಟಿಕೆ. ಮೈಸೂರಿನಲ್ಲಿ ನನ್ನ ಅಕ್ಕನ ಬಾಣಂತನದಲ್ಲಿ ಅಮ್ಮ ಹೀಗೆಯೇ ಮಾಡುತ್ತಿದ್ದಳು. ಹಿತ್ತಿಲಿನಲ್ಲಿ ಹೊತ್ತಿಸಿ, ಹೊಗೆ ಹೋದ ಮೇಲೆ ಒಳಗೆ ತಂದು ಮಂಚದ ಕೆಳಗೆ ಇಡುತ್ತಿದ್ದಳು. ಹೊಗೆ ಕೆಟ್ಟದ್ದು, ಕೆಂಡ ಒಳ್ಳೆಯದು ಎಂದೇ ನಾವು ತಿಳಿದದ್ದು. ಆ ಮನೆಗೆ ಹೆಂಚಿನ ಮಾಡಿತ್ತು. ಹೆಂಚಿನ ಸಂದಿಯಲ್ಲಿ ಬೆಳಕು ಕಾಣುತ್ತಿತ್ತು, ಬಾಗಿಲು ಯಾವತ್ತೂ ಪೂರ್ತಿ ಮುಚ್ಚುತ್ತಿರಲಿಲ್ಲ. ನಮ್ಮನ್ನು ಕಾಪಾಡಿದ್ದು ಆ ಸಂದಿಗಳು. ಕೆಂಡದಿಂದ ಬರುವ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಹೊಗೆ ನಿಂತ ಮೇಲೂ ಅದು ಬರುತ್ತಲೇ ಇರುತ್ತದೆ ಎಂಬುದನ್ನು ನಾನು ಓದಿ ತಿಳಿದದ್ದು ಆ ವಾರದ ಕೊನೆಗೆ.

ಮಂಗಳವಾರ ಬೆಳಗ್ಗೆ ಎಂಟೂ ಹತ್ತಕ್ಕೆ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಹೋದೆ. ಬಾಗಿಲು ಬಡಿದೆ. ಕರೆದೆ. ಹಿಂದಕ್ಕೆ ಹೋಗಿ ಕೋಣೆಯ ಕಿಟಕಿಯ ಹತ್ತಿರ ನಿಂತು ಕರೆದೆ. ನಾನೇ ಅಂಟಿಸಿದ ಪ್ಲಾಸ್ಟಿಕ್ಕಿನ ಹಿಂದೆ ಏನೂ ಸ್ಪಷ್ಟವಾಗಿ ಕಾಣಲಿಲ್ಲ. ಅವರ ಮನೆಯ ಒಂದು ಕೀ ನಮ್ಮಲ್ಲಿತ್ತು. ಹೋಗಿ ತಂದೆ. ಮುಂಬಾಗಿಲು ತೆರೆಯಿತು. ಕೋಣೆಯ ಬಾಗಿಲು ತಳದಲ್ಲಿ ತುರುಕಿದ್ದ ಟವೆಲ್ಲುಗಳಿಂದ ಬಿಗಿದುಕೊಂಡಿತ್ತು. ಭುಜ ಕೊಟ್ಟು ನೂಕಿದೆ. ಹೊಗೆ ಇರಲಿಲ್ಲ. ಒಳಗೆ ಬೆಚ್ಚಗಿತ್ತು... ಆ ಬಿಸುಪು ಮುಖಕ್ಕೆ ಬಡಿದಾಗ ಒಂದು ಕ್ಷಣ ಸಮಾಧಾನವಾಯಿತು. ಅದನ್ನೂ ಬರೆಯಬೇಕು.

ಅಂಕಲ್ ಬಾಗಿಲ ಹತ್ತಿರ ನೆಲದ ಮೇಲಿದ್ದರು. ಉಸಿರಿತ್ತು. ಎರಡೂ ಕಂಕುಳಲ್ಲಿ ಕೈ ಹಾಕಿ ಎಳೆದುಕೊಂಡು ಹೊರಗಿನ ಮೆಟ್ಟಿಲಿಗೆ ತಂದೆ. ಮತ್ತೆ ಒಳಗೆ ಹೋಗಿ ಕಿಟಕಿಯ ಪ್ಲಾಸ್ಟಿಕ್ ಕೀಳಲು ನೋಡಿದೆ. ಉಗುರು ಕಿತ್ತುಬಂತು, ಟೇಪು ಬರಲಿಲ್ಲ. ಕೊನೆಗೆ ಆಂಟಿಯ ಊರುಗೋಲಿನಿಂದ ಗಾಜು ಒಡೆದೆ. ಆಂಟಿ ಕುತ್ತಿಗೆಯವರೆಗೆ ಶಾಲು ಹೊದ್ದು ಮಲಗಿದ್ದರು. ಕೆನ್ನೆ ಕೆಂಪಗಿತ್ತು, ತುಟಿಗೆ ಬಣ್ಣ ಬಂದಿತ್ತು, ಹಿಂದಿನ ದಿನಕ್ಕಿಂತ ಚೆನ್ನಾಗಿ ಕಾಣುತ್ತಿದ್ದರು. ಕೈ ಹಿಡಿದು ನೋಡಿದೆ. ಮತ್ತೆ ಮತ್ತೆ ನೋಡಿದೆ. ಆ ಕೈ ಶಾಲಿನ ಒಳಗೇ ಇತ್ತು. ಬಾಣಲೆ ಮಂಚದ ಕಾಲಿನ ಬುಡದಲ್ಲಿತ್ತು.

ಆಂಬುಲೆನ್ಸು ಬರಲು ನಲವತ್ತೊಂದು ನಿಮಿಷವಾಯಿತು, ರಸ್ತೆಯೆಲ್ಲ ಮಂಜುಗಡ್ಡೆ. ಬಂದವರಲ್ಲಿ ಒಬ್ಬರು ಬಾಣಲೆ ತೋರಿಸಿ, ಇದನ್ನು ಒಳಗೆ ತಂದವರು ಯಾರು ಎಂದು ಕೇಳಿದರು. ಗೊತ್ತಿಲ್ಲ ಎಂದೆ.

ಆಸ್ಟಿನ್‌ನಲ್ಲಿದ್ದ ಅವರ ಮಗಳು ರಸ್ತೆ ತೆರೆದ ಮೇಲೆ ಆಸ್ಪತ್ರೆಗೆ ಬಂದಳು. ಇಲ್ಲೇ ಹುಟ್ಟಿ ಬೆಳೆದವಳು. ಅಪ್ಪ ಎಚ್ಚರವಾಗಿ ಮಾತಾಡುವ ಹಾಗೆ ಆದಾಗ ಅವಳು ಕೇಳಿದ ಮೊದಲ ಪ್ರಶ್ನೆ ಅದೇ. "ಅಪ್ಪಾ, ವೇರ್ ಡಿಡ್ ಯು ಗೆಟ್ ದಿ ಚಾರ್ಕೋಲ್?" ನಾನು ಮಂಚದ ಇನ್ನೊಂದು ಪಕ್ಕದಲ್ಲಿ ನಿಂತಿದ್ದೆ.

"ನಾನ ತಂದಿದ್ದೆ" ಎಂದರು ಅಂಕಲ್. "ಅಂಗಡಿಯಿಂದ. ಮೊದಲ ತಂದಿಟ್ಟಿದ್ದೆ."

ನನ್ನ ಕಡೆ ನೋಡಲಿಲ್ಲ. ವಿಷಗಾಳಿ ಅವರ ನೆನಪನ್ನು ಅಲ್ಲಲ್ಲಿ ಅಳಿಸಿದೆಯೆಂದು ಡಾಕ್ಟರು ಹೇಳಿದ್ದರು. ಅವರು ಮರೆತು ಹಾಗೆ ಹೇಳಿದರೋ, ನೆನಪಿದ್ದು ನನ್ನನ್ನು ಉಳಿಸಲು ಹೇಳಿದರೋ... ಅದನ್ನು ಆ ಹೊತ್ತಿನಲ್ಲೇ ಬಾಯಿಬಿಟ್ಟು ಇತ್ಯರ್ಥ ಮಾಡಬಹುದಿತ್ತು. ನಾನು ಮಾಡಲಿಲ್ಲ. ಆ ಮಗಳು ಮುಖ ಮುಚ್ಚಿಕೊಂಡು, "ಯಾಕಪ್ಪಾ, ಯಾಕೆ" ಎಂದು ಅಪ್ಪನ ಮೇಲೆ ಕೂಗಾಡಿದಳು. ಆ ಸಿಟ್ಟು ನನಗೆ ಸೇರಬೇಕಾದದ್ದು. ಅದನ್ನು ಆ ಮುದುಕರು ತಲೆ ತಗ್ಗಿಸಿ ತೆಗೆದುಕೊಂಡರು.

ಅವರನ್ನು ಮಗಳು ಆಸ್ಟಿನ್‌ಗೆ ಕರೆದುಕೊಂಡು ಹೋದಳು. ಮನೆ ಮಾರಾಟವಾಯಿತು. ನಾವೂ ಲಿಟಲ್ ಎಲ್ಮ್‌ಗೆ ಶಿಫ್ಟ್ ಆದೆವು. ಮುಂದಿನ ವರ್ಷ ಒಂದು ಭಾನುವಾರ, ಹೇಳಿಯೇಬಿಡಬೇಕೆಂದು ನಿರ್ಧರಿಸಿ ಒಬ್ಬಳೇ ಆಸ್ಟಿನ್‌ಗೆ ಡ್ರೈವ್ ಮಾಡಿಕೊಂಡು ಹೋದೆ. ಸುಮಾರು ನಾಲ್ಕು ಗಂಟೆಯ ದಾರಿ. ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ಜೋರಾಗಿ ಹೇಳಿ ಅಭ್ಯಾಸ ಮಾಡಿದೆ. "ಅಂಕಲ್, ಆ ಇದ್ದಿಲು ನಾನು ಕೊಟ್ಟದ್ದು."

ಆಸ್ಟಿನ್ ಗುಡ್ಡದ ಊರು. ಅವರ ಮಗಳ ಮನೆಯ ಹಿತ್ತಿಲು ಇಳಿಜಾರು. ಸುಣ್ಣಕಲ್ಲಿನ ಅಗಲ ಮೆಟ್ಟಿಲುಗಳು ಕೆಳಗೆ ಇಳಿಯುತ್ತವೆ. ಅಂಕಲ್ ತಳದಲ್ಲಿ ಒಂದು ಕುರ್ಚಿಯ ಮೇಲೆ ಕೂತಿದ್ದರು. ಅರ್ಧದಷ್ಟಾಗಿದ್ದರು. ಮಾತು ಹೆಚ್ಚುಕಡಿಮೆ ನಿಂತುಹೋಗಿದೆ ಎಂದು ಮಗಳು ಮೊದಲೇ ಹೇಳಿದ್ದಳು. ನಾನು ಇಳಿದು ಹತ್ತಿರ ಹೋಗಿ, ಅವರ ಕಾಲ ಹತ್ತಿರ ಕೂತೆ. ನನ್ನನ್ನು ಗುರುತಿಸಿದರು ಎಂದುಕೊಂಡೆ. ಬಾಯಿ ತೆರೆಯಬೇಕು, ಅಷ್ಟರಲ್ಲಿ ಅವರು ಕೈ ಅಲ್ಲಾಡಿಸಿ ಮೇಲೆ ತೋರಿಸಿದರು. ಹೋಗು ಎನ್ನುತ್ತಿದ್ದಾರೆಂದುಕೊಂಡು ಎದ್ದೆ. ಮತ್ತೆ ತೋರಿಸಿದರು. ಆಗ ಅರ್ಥವಾಯಿತು. ಮೇಲಿನ ಸಾಲಿಗೆ ಹೋಗಿ ಕೂರಬೇಕು.

ಹತ್ತಿಹೋಗಿ ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿನಲ್ಲಿ ಕೂತೆ. ಅಂಕಲ್ ಕುರ್ಚಿಯ ಹಿಡಿಗಳನ್ನು ಒತ್ತಿ, ಬಹಳ ಕಷ್ಟಪಟ್ಟು, ಎದ್ದು ನಿಂತರು. ಬೆನ್ನು ನೆಟ್ಟಗೆ ಮಾಡಿದರು. ತುಟಿ ಅಲ್ಲಾಡಿದವು. ಒಂದು ಮಾತಲ್ಲ, ಏಳೆಂಟು ಮಾತುಗಳಿರಬೇಕು. ನಡುವೆ ಒಮ್ಮೆ ನಿಲ್ಲಿಸಿ, ನನ್ನ ಮುಖ ನೋಡಿ, ಮುಂದುವರಿಸಿದರು. ಗಾಳಿ ಇರಲಿಲ್ಲ. ಎಲ್ಲೂ ಗದ್ದಲವಿರಲಿಲ್ಲ. ಆದರೂ ನನಗೆ ಒಂದಕ್ಷರ ಕೇಳಿಸಲಿಲ್ಲ. ದನಿಯೇ ಹೊರಡುತ್ತಿರಲಿಲ್ಲವೋ ಏನೋ. ಆ ಕಲ್ಲುಗಳು ಸಬ್ರಾತಾದ ಕಲ್ಲುಗಳಾಗಿರಲಿಲ್ಲ.

ಹೇಳಿ ಮುಗಿಸಿ ಅವರು ಕಾದರು. ಕತ್ತೆತ್ತಿ ನನ್ನನ್ನೇ ನೋಡುತ್ತಾ ನಿಂತರು.

ನಾನು ಕೈ ಎತ್ತಿದೆ.

ಅವರ ಮುಖ ಸಡಿಲವಾಯಿತು. ತಲೆಯಾಡಿಸಿ ಕೂತರು. ಒಂದು ದೊಡ್ಡ ಕೆಲಸ ಮುಗಿಸಿದವರ ಹಾಗೆ ಕಣ್ಣು ಮುಚ್ಚಿಕೊಂಡರು. ಹಿಂದಿನಿಂದ ಅಡುಗೆಮನೆಯ ಬಾಗಿಲು ತೆರೆದು ಮಗಳು ಕೇಳಿದಳು: "ವಾಟ್ ಡಿಡ್ ಹಿ ಸೇ, ಆಂಟಿ? ಎಷ್ಟು ತಿಂಗಳಾಯ್ತು ಹಿ ಹ್ಯಾಸಂಟ್ ಸ್ಪೋಕನ್."

"ಚಹಾ ಬೇಕಂತೆ" ಎಂದೆ.

ಅವಳು ಅಳುತ್ತಾ ನಗುತ್ತಾ ಒಳಗೆ ಓಡಿ ಚಹಾ ಮಾಡಿ ತಂದಳು. ಅವರು ಕುಡಿದರು. ನಾನೂ ಕುಡಿದೆ. ಅಭ್ಯಾಸ ಮಾಡಿಕೊಂಡು ಹೋದ ವಾಕ್ಯವನ್ನು ಹಾಗೇ ಹೊತ್ತುಕೊಂಡು ಅದೇ ದಾರಿಯಲ್ಲಿ ಮನೆಗೆ ಬಂದೆ.

ಮುಂದಿನ ಚಳಿಗಾಲ ಬರುವ ಮೊದಲೇ ಅಂಕಲ್ ತೀರಿಕೊಂಡರು. ಅವರು ಅಂದು ಹೇಳಿದ್ದು ನನ್ನನ್ನು ಕ್ಷಮಿಸುವ ಮಾತಿರಬಹುದು. ಶಪಿಸುವ ಮಾತಿರಬಹುದು. ಮಗಳಿಗೆ ತಿಳಿಸು ಎಂದಿರಬಹುದು, ತಿಳಿಸಬೇಡ ಎಂದಿರಬಹುದು. ನನ್ನನ್ನು ಆಂಟಿಯೆಂದೇ ತಿಳಿದು ಆಂಟಿಗೆ ಹೇಳಬೇಕಾದದ್ದನ್ನು ಹೇಳಿರಬಹುದು. ಕೈ ಎತ್ತದೆ ಇದ್ದಿದ್ದರೆ ಮತ್ತೊಮ್ಮೆ ಹೇಳುತ್ತಿದ್ದರು. ಎತ್ತದಿದ್ದರೆ ಮತ್ತೆ ಹೇಳಬೇಕು, ಅದೇ ಅವರ ನಿಯಮವಾಗಿತ್ತು. ಇಳಿದು ಹತ್ತಿರ ಹೋಗಿ ಕಿವಿಗೊಡಬಹುದಿತ್ತು. ಎಂಟೋ ಒಂಬತ್ತೋ ಮೆಟ್ಟಿಲು, ಅಷ್ಟೆ...

ಅವರ ಮಗಳಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಇದನ್ನು ಬರೆಯಲು ಕೂತಾಗ ಅದು ನನಗೆ ಗೊತ್ತಿತ್ತು. ಹಾಗಾಗಿ ಇಷ್ಟು ಬರೆದರೂ ಹೇಳಿದಂತಾಗಲಿಲ್ಲ. ಅಪ್ಪ ಅಂಗಡಿಯಿಂದ ಇದ್ದಿಲು ತಂದು ಅಮ್ಮನ ಪ್ರಾಣ ಕಳೆದ ಎಂದೇ ಅವಳು ಇವತ್ತಿಗೂ ನಂಬಿದ್ದಾಳೆ. ಅಂಕಲ್ ಇಲ್ಲ, ಆಂಟಿ ಇಲ್ಲ, ಆ ಸುಳ್ಳನ್ನು ಬಿಡಿಸಬಲ್ಲವಳು ಉಳಿದಿರುವುದು ನಾನೊಬ್ಬಳೇ.

ನಿನ್ನೆ ಕೆಂಡದ ವಾಸನೆ ಬಂದು, ಕಿಟಕಿಗಳನ್ನೆಲ್ಲ ತೆರೆದು, ಅವಳಿಗೆ ಫೋನ್ ಮಾಡಿದೆ. ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು.

"ಕೇಳಿಸ್ತಿದೆಯಾ?" ಎಂದೆ.

"ಯಾ ಆಂಟಿ, ಚೆನ್ನಾಗಿ ಕೇಳ್ತಿದೆ. ಹೇಳಿ" ಎಂದಳು.

ಮಕ್ಕಳು ಹೇಗಿದ್ದಾರೆ ಎಂದು ಕೇಳಿದೆ. ಚೆನ್ನಾಗಿದ್ದಾರಂತೆ.